ದೊಡ್ಡಪ್ಪನ ಫ್ರೀಜರ್ ಪೆಟ್ಟಿಗೆ ನಾನು ವಹಿಸಿಕೊಳ್ಳಬೇಕಾ? ಈ ಕೆಲಸ ಗೊತ್ತಿದ್ದವರು ಹೇಳಿ

ಪೆರ್ಲ ರೂಟ್ ಬಸ್:

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಸ್ವಲ್ಪ ವಿಚಿತ್ರ ಅನ್ನಿಸಬಹುದು, ಆದರೂ ಕೇಳುತ್ತೇನೆ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಎರಡು ಕಿಲೋಮೀಟರ್ ಒಳಗೆ ಹೋದರೆ ನಮ್ಮ ಊರು. ನನಗೆ 36. ಹನ್ನೊಂದು ವರ್ಷ ಶಾರ್ಜಾದಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದೆ. ಹೋದ ವರ್ಷ ಬಿಟ್ಟು ಬಂದು ಊರಲ್ಲೇ ಫ್ರಿಜ್, ಎಸಿ ರಿಪೇರಿ ಮಾಡಿಕೊಂಡಿದ್ದೇನೆ.

ನನ್ನ ದೊಡ್ಡಪ್ಪನಿಗೆ 71. ಊರಲ್ಲಿ ಯಾರು ತೀರಿಕೊಂಡರೂ ಮೊದಲ ಫೋನ್ ಅವರಿಗೆ. ಆಮೇಲೆ ನೆಂಟರಿಗೆ. ಅವರಿಗೆ ಮೊದಲು ಬಾಡಿಗೆ ಜೀಪ್ ಇತ್ತು. ನಾನು ಶಾಲೆಗೆ ಹೋಗುವ ಹುಡುಗ ಆಗಿದ್ದಾಗ ಒಂದು ಮಳೆಗಾಲ, ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಬೀಡಿ ಕಟ್ಟುವ ಹೆಂಗಸೊಬ್ಬರನ್ನು ಊರಿಗೆ ತರಲು ಯಾವ ಟ್ಯಾಕ್ಸಿಯವರೂ ಒಪ್ಪಲಿಲ್ಲವಂತೆ. ದೊಡ್ಡಪ್ಪ ಹಿಂದಿನ ಸೀಟು ಬಿಚ್ಚಿಟ್ಟು ಹೋದರು. ಅಲ್ಲಿಂದ ಆ ಜೀಪಿಗೆ ಮದುವೆ ಬಾಡಿಗೆ ಸಿಗುವುದೇ ನಿಂತುಹೋಯಿತು. ಸಾವಿನ ಬಾಡಿಗೆ ಮಾತ್ರ ಬರತೊಡಗಿತು. ಅವರೂ ಹಾಗೇ ಮುಂದುವರಿಸಿದರು. ಆಮೇಲೆ ಒಂದು ಹಳೆ ಓಮ್ನಿ ಬಂತು, ಶವ ಇಡುವ ಫ್ರೀಜರ್ ಪೆಟ್ಟಿಗೆ ಬಂತು, ಕಾಟ (ಚಿತೆ) ಹಾಕಲು ಕಬ್ಬಿಣದ ಚೌಕಟ್ಟು ಬಂತು, ಶಾಮಿಯಾನ, ಮೂವತ್ತು ಕುರ್ಚಿ ಬಂತು.

ಈ ಕೆಲಸಕ್ಕೆ ಏನು ಹೆಸರು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಶಾರ್ಜಾದಲ್ಲಿ ನನ್ನ ರೂಮಿನಲ್ಲಿದ್ದ ಫಿಲಿಪೀನ್ಸಿನವನ ಮಾವ ಇದೇ ಕೆಲಸದವನಂತೆ. ಅವರಲ್ಲಿ ಫ್ಯೂನರಲ್ ಡೈರೆಕ್ಟರ್ ಅಂತ ಬೋರ್ಡ್ ಹಾಕಿ ಕೋಟು ಹಾಕಿಕೊಂಡು ಕೂರುತ್ತಾರಂತೆ. ನಮ್ಮ ದೊಡ್ಡಪ್ಪನಿಗೆ ಊರಿನವರು ಇಟ್ಟ ಹೆಸರು 'ಪೆಟ್ಟಿಗೆ ಅಣ್ಣ'. ಅದೂ ಎದುರಿಗೆ ಅಲ್ಲ.

ಈಗ ಅವರಿಗೆ ಮೊಣಕಾಲು ನೋವು. ಗುಡ್ಡೆ ಹತ್ತಿ ಇಳಿಯಲು ಆಗುವುದಿಲ್ಲ. ಅವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. "ನಿನಗೆ ಫ್ರೀಜರ್ ಕೆಲಸ ಹೇಗೂ ಗೊತ್ತಲ್ಲ, ನೀನೇ ತೆಗೆದುಕೋ" ಅಂದರು. ಹೆಂಡತಿ ಬೇಡವೇ ಬೇಡ ಅನ್ನುತ್ತಾಳೆ. ಅಮ್ಮನಿಗೆ ತಂಗಿಯ ಮದುವೆಯ ಚಿಂತೆ, "ಹೆಣ್ಣು ನೋಡಲು ಬಂದವರು ಅಂಗಳದಲ್ಲಿ ಪೆಟ್ಟಿಗೆ ನೋಡಿದರೆ ಏನು ಅಂದುಕೊಂಡಾರು" ಅಂತ.

ನನಗೆ ಗೊತ್ತಾಗಬೇಕಾದ್ದು ಇಷ್ಟು. ಕೆಲಸ ನಿಜವಾಗಿ ಹೇಗಿರುತ್ತದೆ? ದುಡ್ಡು ಹೇಗೆ ಕೇಳುವುದು? ದೊಡ್ಡಪ್ಪ ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾಯಿ ಬಿಟ್ಟು ಕೇಳಿದವರಲ್ಲ, ಕೊಟ್ಟಷ್ಟು ತೆಗೆದುಕೊಳ್ಳುತ್ತಾರೆ. ಮತ್ತೆ, ಮನೆಯಲ್ಲಿ ಹೇಗೆ ಸುಧಾರಿಸುತ್ತೀರಿ?


ಹೊಸಂಗಡಿ ಡ್ರೈವರ್:

ನಾನು ಹದಿನಾಲ್ಕು ವರ್ಷದಿಂದ ಆಂಬುಲೆನ್ಸ್ ಓಡಿಸುತ್ತಿದ್ದೇನೆ, ಎರಡು ಫ್ರೀಜರ್ ಇದೆ. ಉದ್ದ ಆಗುತ್ತದೆ, ಓದಿ.

ಮೊದಲ ಒಂದು ಗಂಟೆಯೇ ಇಡೀ ಕೆಲಸ. ಎರಡು ಮೂರು ಗಂಟೆ ಕಳೆದರೆ ಮೈ ಬಿಗಿಯಲು ಶುರುವಾಗುತ್ತದೆ, ಮೊದಲು ರೆಪ್ಪೆ ಮತ್ತು ದವಡೆ. ಬಾಯಿ ತೆರೆದೇ ಬಿಗಿದುಕೊಂಡರೆ ಆಮೇಲೆ ನೀವು ಏನು ಮಾಡಿದರೂ ಮುಚ್ಚುವುದಿಲ್ಲ. ಮಗಳು ದೂರದಿಂದ ಬಂದು ಅಪ್ಪನ ಮುಖ ನೋಡುವುದು ಆ ಸ್ಥಿತಿಯಲ್ಲಿ. ಹಾಗಾಗಿ ಮನೆಯವರಿಗೆ ಫೋನಿನಲ್ಲೇ ಹೇಳಿಬಿಡಿ. ರೆಪ್ಪೆ ಮುಚ್ಚಿ ಒಂದೆರಡು ನಿಮಿಷ ಬೆರಳು ಒತ್ತಿ ಹಿಡಿಯಲಿ. ಹಳೆ ಪಂಚೆಯ ಅಂಚು ಹರಿದು ಗಲ್ಲದ ಕೆಳಗಿಂದ ನೆತ್ತಿಗೆ ಕಟ್ಟಲಿ. ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಲಿ. ನೀವು ಹೋಗಿ ಮುಟ್ಟುವಾಗ ಇಷ್ಟು ಆಗಿರಬೇಕು.

ಕಣ್ಣು ದಾನ ಮಾಡುತ್ತೀರಾ ಅಂತಲೂ ಆಗಲೇ ಕೇಳಿ. ಕೇಳಲು ಸಂಕೋಚ ಆಗುತ್ತದೆ, ಗೊತ್ತು. ಆದರೆ ಆರು ಗಂಟೆಯ ಒಳಗೆ ತೆಗೆಯಬೇಕು. ಹೌದು ಅಂದರೆ ಫ್ಯಾನ್ ಆಫ್ ಮಾಡಿಸಿ, ರೆಪ್ಪೆಯ ಮೇಲೆ ಒದ್ದೆ ಹತ್ತಿ, ತಲೆ ಸ್ವಲ್ಪ ಎತ್ತರಕ್ಕೆ. ಕನ್ನಡಕ ಇದ್ದವರೂ ಕೊಡಬಹುದು, ಪೊರೆ ಆಪರೇಷನ್ ಆದವರೂ ಕೊಡಬಹುದು.

ಉಂಗುರ. ಇದರಲ್ಲಿ ಜಗಳ ಆಗುವುದು ಜಾಸ್ತಿ. ಬೆರಳು ಊದಿಕೊಂಡಿರುತ್ತದೆ, ಎಣ್ಣೆ ಸವರಿದರೂ ಬರುವುದಿಲ್ಲ, ಯಾರೋ ಕತ್ತರಿ ತನ್ನಿ ಅನ್ನುತ್ತಾರೆ, ಅಲ್ಲಿ ಹೆಂಡತಿ ಅಳುತ್ತಾ ಕೂತಿರುತ್ತಾರೆ. ಹೊಲಿಗೆಯ ನೂಲು ತೆಗೆದುಕೊಳ್ಳಿ. ಒಂದು ತುದಿಯನ್ನು ಉಂಗುರದ ಕೆಳಗಿಂದ ಅಂಗೈ ಕಡೆಗೆ ತೂರಿಸಿ. ಉಳಿದ ನೂಲನ್ನು ಉಂಗುರದ ಪಕ್ಕದಿಂದ ಗೆಣ್ಣು ದಾಟುವ ತನಕ ಒತ್ತೊತ್ತಾಗಿ ಬಿಗಿಯಾಗಿ ಸುತ್ತಿ. ಈಗ ಅಂಗೈ ಕಡೆ ಇರುವ ತುದಿ ಹಿಡಿದು ನಿಧಾನ ಬಿಚ್ಚುತ್ತಾ ಬನ್ನಿ, ಉಂಗುರ ಸುತ್ತಿನ ಮೇಲೆ ಜಾರಿಕೊಂಡು ಹೊರಗೆ ಬರುತ್ತದೆ. ಬಂದ ಕೂಡಲೇ ಇಬ್ಬರ ಎದುರಿಗೆ ಮನೆಯವರ ಕೈಗೆ ಕೊಡಿ. ಜೇಬಿಗೆ ಹಾಕಲೇಬೇಡಿ, ಒಂದು ನಿಮಿಷಕ್ಕೂ.

ಎದೆಯ ಮೇಲ್ಭಾಗ ಮುಟ್ಟಿ ನೋಡಿ. ಕತ್ತಿನ ಬುಡದ ಅಡ್ಡ ಮೂಳೆಯ (ಕಾಲರ್ ಬೋನ್) ಕೆಳಗೆ ಚರ್ಮದೊಳಗೆ ಗಟ್ಟಿಯಾದ ಬಿಲ್ಲೆಯಂಥದ್ದು ಸಿಕ್ಕಿದರೆ ಅದು ಪೇಸ್‌ಮೇಕರ್. ಡಾಕ್ಟರ್ ಹತ್ತಿರ ತೆಗೆಸದೆ ಸುಡಬಾರದು, ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ. ನಾನು ಒಮ್ಮೆ ಕೇಳಲು ಮರೆತಿದ್ದೆ. ಪಟಾಕಿಯ ಹಾಗೆ ಶಬ್ದ. ಚಿತೆಯ ಹತ್ತಿರ ನಿಂತ ಮಗ ಹಿಂದಕ್ಕೆ ಬಿದ್ದ. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಮನೆಯವರು ಇವತ್ತಿಗೂ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಅವರದ್ದು ತಪ್ಪಲ್ಲ.

ಅಡಿಕೆ ಮರದಿಂದ ಬಿದ್ದು ಸತ್ತರೆ, ಹಾವು ಕಚ್ಚಿದರೆ, ಕೆರೆಗೆ ಬಿದ್ದರೆ, ನೇಣು ಹಾಕಿಕೊಂಡರೆ, ಮುಟ್ಟಬೇಡಿ. ಪೊಲೀಸರಿಗೆ ಹೇಳಿದ ಮೇಲೆಯೇ ಗಾಡಿ ಸ್ಟಾರ್ಟ್ ಮಾಡಿ. ಮನೆಯವರು ಕೈ ಮುಗಿಯುತ್ತಾರೆ, ಪೋಸ್ಟ್‌ಮಾರ್ಟಂ ಬೇಡ, ಸುಮ್ನೆ ಹೃದಯಾಘಾತ ಅಂತ ಹೇಳೋಣ ಅಂತಾರೆ. ಆಗ ಮೆತ್ತಗಾದರೆ ನಿಮ್ಮ ಕತೆ ಮುಗಿಯಿತು. ಇನ್‌ಕ್ವೆಸ್ಟ್ (ಸಾವಿನ ಬಗ್ಗೆ ಪೊಲೀಸರ ವಿಚಾರಣೆ) ಮೊದಲು 174ನೇ ಕಲಂ ಅಂತಿತ್ತು, 2024ರ ಜುಲೈ 1ರಿಂದ ಹೊಸ ಕಾನೂನಿನಲ್ಲಿ 194. ಸೂರ್ಯ ಮುಳುಗಿದ ಮೇಲೆಯೂ ಪೋಸ್ಟ್‌ಮಾರ್ಟಂ ಮಾಡಬಹುದು ಅಂತ ಕೇಂದ್ರ 2021ರ ನವೆಂಬರಿನಲ್ಲಿ ಹೇಳಿದೆ. ಆದರೆ ಆಸ್ಪತ್ರೆಯಲ್ಲಿ ಅದಕ್ಕೆ ಬೇಕಾದ ವ್ಯವಸ್ಥೆ ಇರಬೇಕು, ಕೊಲೆ ಆತ್ಮಹತ್ಯೆಯಂಥದ್ದಕ್ಕೆ ಸಾಮಾನ್ಯವಾಗಿ ರಾತ್ರಿ ಮಾಡುವುದಿಲ್ಲ. ಹಾಗಾಗಿ ಮನೆಯವರಿಗೆ "ಇವತ್ತೇ ಸಿಗುತ್ತದೆ" ಅಂತ ಮಾತು ಕೊಡಬೇಡಿ.

ಇನ್ನು ಮಳೆ. ನಮ್ಮ ಕಡೆಯ ಜೂನ್, ಜುಲೈ ನಿಮಗೆ ಹೇಳಬೇಕಾಗಿಲ್ಲ. ಒಂದು ಚಿತೆಗೆ 400ರಿಂದ 500 ಕೆಜಿ ಸೌದೆ ಬೇಕು. ಮನೆಯವರು ಆಗಷ್ಟೇ ಕಡಿದ ಮಾವಿನ ಮರ ತೋರಿಸಿ ಸೌದೆ ಇದೆ ಅಂತಾರೆ. ಹಸಿ ಮರ ನಂಬಿ ಕೂರಬೇಡಿ. ನಿಮ್ಮ ಕೊಟ್ಟಿಗೆಯಲ್ಲಿ ಒಂದು ಚಿತೆಯಷ್ಟು ಒಣ ಸೌದೆ, ಹತ್ತು ಗೋಣಿ ಗೆರಟೆ (ತೆಂಗಿನ ಚಿಪ್ಪು) ಯಾವಾಗಲೂ ಇರಲಿ. ಗೆರಟೆ ಇದ್ದರೆ ಎಂಥ ಮಳೆಯಲ್ಲೂ ಬೆಂಕಿ ಹಿಡಿಯುತ್ತದೆ. ಮೇಲೆ ತಗಡಿನ ಶೀಟು ಎತ್ತರಕ್ಕೆ ಕಟ್ಟಿ, ತಗ್ಗಾದರೆ ಹೊಗೆ ಒಳಗೇ ಸುತ್ತುತ್ತದೆ.

ದುಡ್ಡಿನ ವಿಷಯ. ರೇಟ್ ಬರೆದು ಹಾಕಿ. ಪೆಟ್ಟಿಗೆಗೆ ದಿನಕ್ಕೆ ಇಷ್ಟು, ಗಾಡಿಗೆ ಕಿಲೋಮೀಟರಿಗೆ ಇಷ್ಟು, ಸೌದೆಗೆ ಇಷ್ಟು. ನಾನೂ ಮೊದಲ ಮೂರು ವರ್ಷ ಕೊಟ್ಟಷ್ಟು ಅಂತ ತೆಗೆದುಕೊಂಡೆ. ಹತ್ತು ಎಕರೆ ತೋಟದವರು 500 ಕೊಟ್ಟು ನಾಲ್ಕು ಒಳ್ಳೆಯ ಮಾತು ಹೇಳಿ ಕಳಿಸಿದರು. ಕೂಲಿ ಮಾಡುವವನೊಬ್ಬ ಎಷ್ಟು ಕೊಟ್ಟರೆ ಮರ್ಯಾದೆ ಅಂತ ಗೊತ್ತಾಗದೆ ಹೆಂಡತಿಯ ಕಿವಿಯೋಲೆ ಅಡವಿಟ್ಟು 3000 ತಂದುಕೊಟ್ಟ. ನನಗೆ ಅದು ಆಮೇಲೆ ಗೊತ್ತಾದದ್ದು. ರೇಟ್ ಇದ್ದಿದ್ದರೆ 1200ರಲ್ಲಿ ಮುಗಿಯುತ್ತಿತ್ತು, ಅದನ್ನೂ ನಾನು ಬೇಡ ಅನ್ನಬಹುದಿತ್ತು. ನಿಮ್ಮ ದೊಡ್ಡಪ್ಪನ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತಿದ್ದೇನೆ, ಈ ಒಂದು ವಿಷಯದಲ್ಲಿ ಅವರ ಹಾಗೆ ಮಾಡಬೇಡಿ.


ಮುಳ್ಳೇರಿಯ 71:

ರಾತ್ರಿ ಫೋನ್ ಬರುವಾಗ ಕುಡಿದಿರಬಾರದು. ಅಂದರೆ ಯಾವತ್ತೂ ಕುಡಿಯುವ ಹಾಗಿಲ್ಲ. ನಾನು ಅದಕ್ಕೇ ಬಿಟ್ಟೆ, ಈ ಕೆಲಸವನ್ನು.


ಕಾಟುಕುಕ್ಕೆ ಟೀಚರ್:

ನನ್ನ ಅಪ್ಪ ಇದೇ ಕೆಲಸದಲ್ಲಿದ್ದವರು. ಮನೆಯಲ್ಲಿ ಹೇಗೆ ಅಂತ ಕೇಳಿದ್ದೀರಿ, ಅದನ್ನು ಮಾತ್ರ ಹೇಳುತ್ತೇನೆ.

ನಮ್ಮ ಮನೆಯ ಹಿಂದೆ ಬಾವಿಕಟ್ಟೆಯ ಪಕ್ಕ ಒಂದು ಹಗ್ಗ ಕಟ್ಟಿತ್ತು. ಅದರಲ್ಲಿ ಯಾವಾಗಲೂ ಒಂದು ಲುಂಗಿ, ಒಂದು ಬೈರಾಸು. ಅಪ್ಪ ಎಷ್ಟು ಗಂಟೆಗೆ ಬಂದರೂ ಅಲ್ಲೇ ಸ್ನಾನ ಮಾಡಿ, ಹಾಕಿದ ಬಟ್ಟೆಯನ್ನು ಬಕೆಟಿನಲ್ಲಿ ನೆನೆಸಿಟ್ಟು ಒಳಗೆ ಬರುತ್ತಿದ್ದರು. ನಮಗೆ ಮಕ್ಕಳಿಗೆ ಅದು ಗಡಿಯಾರದ ಹಾಗೆ. ಬೆಳಿಗ್ಗೆ ಎದ್ದಾಗ ಬಕೆಟಿನಲ್ಲಿ ಬಟ್ಟೆ ಇದ್ದರೆ ರಾತ್ರಿ ಯಾರೋ ಹೋಗಿದ್ದಾರೆ ಅಂತ ಗೊತ್ತಾಗುತ್ತಿತ್ತು. ಯಾರು ಅಂತ ಅಮ್ಮನ ಹತ್ತಿರ ಕೇಳುತ್ತಿದ್ದೆವು, ಅಪ್ಪನ ಹತ್ತಿರ ಕೇಳುತ್ತಿರಲಿಲ್ಲ.

ನಿಮ್ಮ ಅಮ್ಮ ಹೇಳಿದ್ದು ಸುಳ್ಳಲ್ಲ. ಶಾಲೆಯಲ್ಲಿ ನನ್ನ ಪಕ್ಕ ಕೂರಬೇಡ ಅಂತ ಒಬ್ಬಳಿಗೆ ಮನೆಯಲ್ಲಿ ಹೇಳಿ ಕಳಿಸಿದ್ದರು. ಬೆಳಿಗ್ಗೆ ಪ್ರಯಾಣ ಹೊರಟವರು ಎದುರಿಗೆ ಅಪ್ಪ ಬಂದರೆ ಒಂದು ಕ್ಷಣ ನಿಲ್ಲುತ್ತಿದ್ದರು, ಚಪ್ಪಲಿ ಸರಿ ಮಾಡಿಕೊಳ್ಳುವ ಹಾಗೆ ಬಗ್ಗುತ್ತಿದ್ದರು. ಅಪ್ಪನಿಗೂ ಗೊತ್ತಿತ್ತು. ಹಾಗಾಗಿ ಬೆಳಿಗ್ಗೆ ಎಂಟರ ಮೊದಲು ಪೇಟೆಗೆ ಹೋಗುತ್ತಲೇ ಇರಲಿಲ್ಲ. ಮದುವೆ ಕಾಗದ ಎಲ್ಲ ಬರುತ್ತಿತ್ತು, ಹೋಗುತ್ತಿದ್ದರು, ಆದರೆ ಮುಹೂರ್ತ ಕಳೆದ ಮೇಲೆ, ಊಟದ ಎರಡನೇ ಪಂಕ್ತಿಗೆ. ಯಾರೂ ಹಾಗೆ ಮಾಡು ಅಂತ ಹೇಳಿರಲಿಲ್ಲ.

ಅಪ್ಪನ ಹತ್ತಿರ ಒಂದು ಪುಸ್ತಕ ಇತ್ತು, ನೂರು ಪುಟದ್ದು, ಗೆರೆ ಇರುವುದು. ಅದರಲ್ಲಿ ಹೆಸರು, ತಾರೀಕು, ಮನೆಗೆ ಹೋಗುವ ದಾರಿ. "ಸಂಕ (ಕಾಲುಸೇತುವೆ) ದಾಟಬೇಕು, ಪೆಟ್ಟಿಗೆ ಹೋಗುವುದಿಲ್ಲ, ನಾಲ್ಕು ಜನ ಹೊರಬೇಕು." "ಅಂಗಳ ಚಿಕ್ಕದು, ಗೇಟಿನ ಹೊರಗೆ ಶಾಮಿಯಾನ." "ದೊಡ್ಡ ಮಗನೂ ಎರಡನೆಯವನೂ ಮಾತಾಡುವುದಿಲ್ಲ, ಬೇರೆ ಬೇರೆ ಕೂರಿಸಬೇಕು." ನಗು ಬರುತ್ತದೆ ಈಗ ಓದಿದರೆ. ಆದರೆ ಅದನ್ನು ನೋಡಿಕೊಂಡೇ ಅವರು ಮನೆಯಿಂದ ಹೊರಡುತ್ತಿದ್ದದ್ದು. ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಕತೆ ನಿಮಗೆಲ್ಲ ಗೊತ್ತು, 2000ನೇ ಇಸವಿಯ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸುರಿದರು. ಆ ಪುಸ್ತಕದಲ್ಲಿ ಕೆಲವು ಸಾಲುಗಳಲ್ಲಿ ಹೆಸರಿನ ಮುಂದೆ ವಯಸ್ಸು ಮಾತ್ರ ಇದೆ, 6, 9, 4. ದುಡ್ಡಿನ ಕಾಲಂ ಖಾಲಿ. ಮಕ್ಕಳದ್ದಕ್ಕೆ ಅವರು ಗಾಡಿಯ ಡೀಸೆಲ್ ದುಡ್ಡೂ ತೆಗೆದುಕೊಳ್ಳುತ್ತಿರಲಿಲ್ಲ.

ಅಪ್ಪ ತೀರಿಕೊಂಡದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಪೆಟ್ಟಿಗೆ ಮನೆಯಲ್ಲಿರಲಿಲ್ಲ, ಹಿಂದಿನ ದಿನ ಅವರೇ ಬಾಯಾರಿನ ಹತ್ತಿರ ಒಂದು ಮನೆಗೆ ಕೊಟ್ಟು ಬಂದಿದ್ದರು. ಅಲ್ಲಿ ಮಗ ದುಬೈಯಿಂದ ಬರಬೇಕಿತ್ತು. ತಮ್ಮ ವಾಪಸ್ ತರುತ್ತೇನೆ ಅಂತ ಹೊರಟ. ಅಮ್ಮ ಬಿಡಲಿಲ್ಲ. ಆಮೇಲೆ ಉಪ್ಪಳದಿಂದ ಮೀನಿನವರ ಐಸ್ ತರಿಸಿ, ಉಮಿ ಹಾಸಿ, ಅದರ ಮೇಲೆ ಹಲಗೆ ಇಟ್ಟು ಮಲಗಿಸಿದೆವು. ಫ್ರೀಜರ್ ಬರುವ ಮೊದಲು ಅಪ್ಪ ಹಾಗೇ ಮಾಡುತ್ತಿದ್ದರು, ಹೇಗೆ ಅಂತ ಅಮ್ಮನಿಗೆ ನೆನಪಿತ್ತು. ಐಸ್ ಕರಗಿ ಅಂಗಳದ ತನಕ ನೀರು ಹರಿಯುತ್ತಿತ್ತು, ಬಂದವರೆಲ್ಲ ಅದನ್ನು ದಾಟಿಕೊಂಡು ಬಂದರು.

ನಿಮ್ಮ ಹೆಂಡತಿಗೆ ಸಮಯ ಕೊಡಿ. ಹಗ್ಗ, ಬಕೆಟ್ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ಪೆಟ್ಟಿಗೆಯನ್ನು ಅಂಗಳದಲ್ಲಿ ಇಡಬೇಡಿ, ಬೇರೆ ಶೆಡ್ ಕಟ್ಟಿಸಿ. ಅಷ್ಟರಲ್ಲೇ ಅರ್ಧ ಜಗಳ ತೀರುತ್ತದೆ.


ಸುಮ್ನೆ ಒಬ್ಬ:

ಟೀಚರ್ ಬರೆದದ್ದು ಓದಿ ಮನಸ್ಸು ಭಾರ ಆಯಿತು. ಆದರೂ ಒಂದು ಮಾತು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ.

ಈ ಕೆಲಸ ಮಾಡುವವರನ್ನು ನಾವೀಗ ಸಮಾಜಸೇವಕ, ಪುಣ್ಯವಂತ ಅಂತ ಹೊಗಳುತ್ತೇವೆ. ನಮ್ಮ ಅಜ್ಜನ ಕಾಲದಲ್ಲಿ ಸಾವಿನ ಸುದ್ದಿ ಹೇಳಲು ಯಾರನ್ನು ಗುಡ್ಡೆ ಗುಡ್ಡೆ ಓಡಿಸುತ್ತಿದ್ದರು? ಗುಂಡಿ ತೋಡಲು, ಸೌದೆ ಹೊರಲು ಯಾರನ್ನು ಕರೆಯುತ್ತಿದ್ದರು? ಅವರಿಗೆ ಯಾರೂ ಪುಣ್ಯವಂತ ಅನ್ನಲಿಲ್ಲ. ಅಂಗಳದ ಹೊರಗೆ ನಿಲ್ಲಿಸಿ ಒಂದು ಸೇರು ಅಕ್ಕಿ ಹಾಕಿ ಕಳಿಸುತ್ತಿದ್ದರು. ನನ್ನ ಅಜ್ಜ ಹಾಗೆ ಓಡಿದವರಲ್ಲಿ ಒಬ್ಬರು, ಅದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು. ನಿಮ್ಮಲ್ಲಿ ಹೆಚ್ಚಿನವರಿಗೆ ತೋಟದ ಮೂಲೆಯಲ್ಲಿ ಚಿತೆ ಮಾಡಲು ಜಾಗ ಇದೆ. ಐದು ಸೆಂಟಿನ (ನೂರು ಸೆಂಟಿಗೆ ಒಂದು ಎಕರೆ) ಜಾಗದಲ್ಲಿರುವವರು ಎಲ್ಲಿಗೆ ಹೋಗಬೇಕು? ನಮ್ಮದು ಕಾಲನಿ, ಪರಿಶಿಷ್ಟರು ಇರುವ ಜಾಗ. (ಕಾಲನಿ ಅನ್ನಬಾರದು, ನಗರ ಅನ್ನಬೇಕು ಅಂತ 2024ರ ಜೂನಿನಲ್ಲಿ ಕೇರಳ ಸರಕಾರ ಆದೇಶ ಹೊರಡಿಸಿತು. ಹೆಸರು ಬದಲಾಯಿತು, ಸೆಂಟ್ ಐದೇ.) ಮನೆಗೋಡೆಯಿಂದ ಆಚೆ ಮನೆಗೋಡೆಗೆ ಎಂಟು ಅಡಿ. ಅಲ್ಲಿ ಚಿತೆ ಆಗುತ್ತದಾ? ಸಾರ್ವಜನಿಕ ಶ್ಮಶಾನಕ್ಕೆ ಹದಿನೈದು ಕಿಲೋಮೀಟರ್, ಗಾಡಿ ಬಾಡಿಗೆ ಬೇರೆ. ಚಿಕ್ಕಮ್ಮ ಹೋದಾಗ ಸಂಜೆ ಐದಕ್ಕೆ ಹೊರಟು ಬೂದಿ ಆಗುವಾಗ ರಾತ್ರಿ ಹನ್ನೆರಡು.

ಹಾಗಾಗಿ ನೀವು ಈ ಕೆಲಸ ತೆಗೆದುಕೊಂಡರೆ ಮೊದಲು ನಿಮ್ಮ ದೊಡ್ಡಪ್ಪನ ಪೆಟ್ಟಿಗೆ ಇಷ್ಟು ವರ್ಷದಲ್ಲಿ ಎಷ್ಟು ಸಲ ಕಾಲನಿಗೆ ಹೋಗಿದೆ ಅಂತ ಅವರನ್ನೇ ಕೇಳಿ. ಹೋಗಿದ್ದರೆ ನನ್ನ ನಮಸ್ಕಾರ ಹೇಳಿ. ರೇಟ್ ಬೋರ್ಡಿನ ವಿಷಯದಲ್ಲಿ ಹೊಸಂಗಡಿ ಡ್ರೈವರ್ ಹೇಳಿದ್ದಕ್ಕೆ ನನ್ನದೂ ಓಟು.


ಪೆರ್ಲ ರೂಟ್ ಬಸ್:

ಕೇಳಿದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕರೆದಲ್ಲಿಗೆಲ್ಲ ಹೋಗಿದ್ದೇನೆ" ಅಂದರು. ಆಮೇಲೆ, "ಅವರು ಕರೆದದ್ದು ಕಡಿಮೆ" ಅಂದರು. ಬೀಡಿ ಕಟ್ಟುವ ಆ ಹೆಂಗಸು ಮಾತ್ರ ಕಾಲನಿಯವರೇ ಅಂತೆ. ಅದು ನನಗೆ ಗೊತ್ತೇ ಇರಲಿಲ್ಲ.


ತಲಪಾಡಿ ಆಚೆ:

ಕಾಗದಪತ್ರದ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ಹಾಗಾಗಿ ನಾನು. ಕೇರಳ-ಕರ್ನಾಟಕ ಗಡಿಯಲ್ಲಿರುವ ನಮಗೆ ತಲೆನೋವು ಇಲ್ಲೇ.

ಸಾವು ಎಲ್ಲಿ ಆಯಿತೋ ಅಲ್ಲಿ ನೋಂದಣಿ. ಮನೆ ಎಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ. ಕುಂಬಳೆಯವರು ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಸರ್ಟಿಫಿಕೇಟ್ ಮಂಗಳೂರಿನಿಂದ, ಕರ್ನಾಟಕದ್ದು. ಊರಿಗೆ ವಾಪಸ್ ಬರುವ ದಾರಿಯಲ್ಲಿ ತಲಪಾಡಿ ಗಡಿ ದಾಟಿದ ಮೇಲೆ ಆದರೆ ಕೇರಳದ್ದು. ಎಷ್ಟೋ ಮನೆಯವರು ಊರಿನ ಪಂಚಾಯತಿಗೆ ನಾಲ್ಕು ಸಲ ಅಲೆದ ಮೇಲೆ ಇದು ಗೊತ್ತಾಗುತ್ತದೆ. ಆಸ್ಪತ್ರೆಯಲ್ಲಿ ಆದರೆ ಅವರೇ ತಿಳಿಸುತ್ತಾರೆ, ಮನೆಯಲ್ಲಿ ಆದರೆ ಮನೆಯವರು ತಿಳಿಸಬೇಕು. 21 ದಿನದ ಒಳಗೆ. ಆಮೇಲೆ ದಂಡ, ಒಂದು ವರ್ಷ ಕಳೆದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಹದಿಮೂರನೇ ದಿನದ ಊಟ ಮುಗಿಯಲಿ ಅಂತ ಕಾಯುತ್ತಾರೆ, ಆಮೇಲೆ ಮರೆಯುತ್ತಾರೆ. ನೀವು ಹತ್ತನೇ ದಿನಕ್ಕೆ ಒಂದು ಫೋನ್ ಮಾಡಿ ನೆನಪಿಸಿ.

ಹೆಸರಿನ ಸ್ಪೆಲಿಂಗ್ ಮೊದಲೇ ನೋಡಿ. ಐತ್ತಪ್ಪ ಅನ್ನುವ ಹೆಸರು ಆಧಾರ್‌ನಲ್ಲಿ ಒಂದು ತರ, ರೇಷನ್ ಕಾರ್ಡಿನ ಮಲಯಾಳದಲ್ಲಿ ಇನ್ನೊಂದು ತರ, ಬ್ಯಾಂಕಿನಲ್ಲಿ ಮೂರನೆಯ ತರ ಇರುತ್ತದೆ. ಇನಿಶಿಯಲ್ ಒಂದರಲ್ಲಿ ಹೆಸರಿನ ಹಿಂದೆ, ಒಂದರಲ್ಲಿ ಮುಂದೆ. ಆಸ್ಪತ್ರೆಯ ಫಾರಂ ತುಂಬುವವರು ರಾತ್ರಿ ಡ್ಯೂಟಿಯ ಹುಡುಗ, ಅಳುತ್ತಿರುವ ಮಗನ ಬಾಯಿಂದ ಕೇಳಿ ಬರೆಯುತ್ತಾನೆ. ನಮ್ಮ ಮಾವನ ಹೆಸರಲ್ಲಿ ಒಂದು ಅಕ್ಷರ ತಪ್ಪಿ ಪಿಂಚಣಿ ಎಂಟು ತಿಂಗಳು ನಿಂತಿತು. ಆಧಾರ್ ಕೈಯಲ್ಲಿ ಹಿಡಿದು ನೀವೇ ಎದುರಿಗೆ ನಿಂತು ಬರೆಸಿ.

ಗಲ್ಫಿನಿಂದ ಬರುವ ಪೆಟ್ಟಿಗೆ ನಿಮಗೆ ಗೊತ್ತಿರಬಹುದು. ಮಂಗಳೂರು ಅಥವಾ ಕಣ್ಣೂರು ಏರ್‌ಪೋರ್ಟಿನ ಕಾರ್ಗೋ ವಿಭಾಗಕ್ಕೆ ಬರುತ್ತದೆ. ಗಾಡಿಗೆ ಹತ್ತಿಸುವ ಮೊದಲು ಪೆಟ್ಟಿಗೆಯ ಮೇಲಿನ ಹೆಸರು, ಪಾಸ್‌ಪೋರ್ಟ್ ನಂಬರ್ ಎರಡನ್ನೂ ಓದಿ. ಬೇರೆಯವರ ದೇಹ ಊರಿಗೆ ಬಂದು ಮುಟ್ಟಿದ ಪ್ರಕರಣ ಕೇರಳದಲ್ಲಿ ನಡೆದಿದೆ.

ಇನ್ನು ನನ್ನದೊಂದು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿ ಮುಚ್ಚಿ ರಸ್ತೆಗೆ ಮಣ್ಣು ಸುರಿದದ್ದು ನೆನಪಿದೆಯಲ್ಲ. ಮಂಗಳೂರಿಗೆ ಹೋಗಲಾಗದೆ ನಮ್ಮ ಜಿಲ್ಲೆಯಲ್ಲಿ ಹತ್ತಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು ಅಂತ ಪತ್ರಿಕೆಗಳಲ್ಲಿ ಬಂತು. ಅಮ್ಮನಿಗೆ ಕೊರೊನಾ ಇರಲಿಲ್ಲ, ವಯಸ್ಸಾಗಿತ್ತು, ಊರಿನ ಮನೆಯಲ್ಲೇ ಹೋದರು. ನಾನು ತಲಪಾಡಿಯಿಂದ ಈಚೆ, ಕರ್ನಾಟಕದ ಕಡೆ, ಒಂಬತ್ತು ಕಿಲೋಮೀಟರ್ ದೂರದಲ್ಲಿದ್ದೆ. ಹೋಗಲು ಆಗಲಿಲ್ಲ. ಇಪ್ಪತ್ತು ಜನಕ್ಕಿಂತ ಜಾಸ್ತಿ ಸೇರಬಾರದು ಅಂತ ನಿಯಮ ಬೇರೆ.

ಊರಿನ ಪೆಟ್ಟಿಗೆಯವರು, ಅವರನ್ನು ನಾವು ಅಣ್ಣ ಅಂತಲೇ ಕರೆಯುವುದು, ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತು ಒಂದು ಚೀಟಿಯಲ್ಲಿ ಹೆಸರು ಬರೆದುಕೊಂಡು ಇಪ್ಪತ್ತು ಜನರನ್ನು ಬಿಟ್ಟರಂತೆ. ಹತ್ತೊಂಬತ್ತು ಬಿಟ್ಟರು. ಇಪ್ಪತ್ತನೆಯದರಲ್ಲಿ ನನ್ನ ಹೆಸರು ಬರೆದು, ವಿಡಿಯೋ ಕಾಲ್ ಮಾಡಿ, ಫೋನನ್ನು ಕುರ್ಚಿಯ ಮೇಲೆ ನಿಲ್ಲಿಸಿಟ್ಟರು. ನೆಟ್‌ವರ್ಕ್ ಸಿಗುವುದಿಲ್ಲ ನಮ್ಮಲ್ಲಿ, ಗೊತ್ತಲ್ಲ. ನಾಲ್ಕು ಸಲ ಕಟ್ ಆಯಿತು, ನಾಲ್ಕು ಸಲವೂ ಅವರೇ ಮತ್ತೆ ಮಾಡಿದರು. ಕೊನೆಗೆ ಕುರ್ಚಿಯನ್ನು ಎತ್ತಿಕೊಂಡು ಗುಡ್ಡೆಯ ಮೇಲೆ ಸಿಗ್ನಲ್ ಇರುವಲ್ಲಿ ಇಟ್ಟರು. ಅಲ್ಲಿಂದ ಕಂಡದ್ದು ಹೊಗೆ, ತೋಟದ ತುದಿ, ಅಷ್ಟೆ. ಬಾಡಿಗೆ ನಾನು ಗಡಿ ತೆರೆದ ಮೇಲೆ ಹೋಗಿ ಕೊಟ್ಟೆ. ರೇಟ್ ಎಷ್ಟಿತ್ತೋ ಅಷ್ಟೇ ತೆಗೆದುಕೊಂಡರು.


ಹೊಸಂಗಡಿ ಡ್ರೈವರ್:

ನಾನು ಹತ್ತನೇ ದಿನದ ಫೋನ್ ಮಾಡುತ್ತಿರಲಿಲ್ಲ. ಇನ್ನು ಮಾಡುತ್ತೇನೆ, ಥ್ಯಾಂಕ್ಸ್.


ಪೆರ್ಲ ರೂಟ್ ಬಸ್:

ಮೂರು ವಾರ ಆಯಿತು, ಉತ್ತರ ಕೊಡಲಿಕ್ಕೆ ಆಗಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಹೆಂಡತಿ ಇನ್ನೂ ಒಪ್ಪಿಲ್ಲ. ಆದರೆ ಟೀಚರ್ ಬರೆದದ್ದನ್ನು ಓದಿ ಹೇಳಿದ್ದೆ, ಮರುದಿನ ಬಾವಿಕಟ್ಟೆಯ ಹತ್ತಿರ ಹಗ್ಗ ಕಟ್ಟಿತ್ತು. ಕೇಳಿದರೆ ಬಟ್ಟೆ ಒಣಗಿಸಲು ಅಂದಳು. ಅಲ್ಲಿ ಬಿಸಿಲೇ ಬೀಳುವುದಿಲ್ಲ.

ಶೆಡ್ ಆಯಿತು, ಶೀಟು ಹಾಕಿದ್ದು. ರೇಟ್ ಬರೆದೆ. ದೊಡ್ಡಪ್ಪ ಬೋರ್ಡ್ ನೋಡಿ ಏನೂ ಹೇಳಲಿಲ್ಲ. ಕೊನೆಯ ಸಾಲಿಗೆ 'ಮಕ್ಕಳಿಗೆ ಇಲ್ಲ' ಅಂತ ಸೇರಿಸು ಅಂದರು. ಹಾಗೆ ಬರೆದರೆ ಮಕ್ಕಳಿಗೆ ಪೆಟ್ಟಿಗೆ ಕೊಡುವುದಿಲ್ಲ ಅನ್ನಿಸುತ್ತದೆ ಅಂದೆ. ಅರ್ಧ ಗಂಟೆ ಚರ್ಚೆ ಆಗಿ 'ಮಕ್ಕಳಿಗೆ ಬಾಡಿಗೆ ಇಲ್ಲ' ಅಂತ ಆಯಿತು. ಸುಮ್ನೆ ಒಬ್ಬ ಅಣ್ಣಾ, ನಿಮ್ಮ ಕಡೆಯ ಪಂಚಾಯತ್ ಮೆಂಬರ್ ಹತ್ತಿರ ನನ್ನ ನಂಬರ್ ಕೊಟ್ಟಿದ್ದೇನೆ.

ಮೊನ್ನೆ ಮೊದಲ ಫೋನ್ ಬಂತು, ರಾತ್ರಿ ಎರಡೂವರೆಗೆ. 88 ವರ್ಷದ ಅಜ್ಜಿ. ದೊಡ್ಡಪ್ಪ ಗಾಡಿಯಲ್ಲೇ ಕೂತಿದ್ದರು, ಇಳಿಯಲಿಲ್ಲ. ನಾನು ಹೋಗುವಾಗ ದವಡೆ ಕಟ್ಟಿರಲಿಲ್ಲ, ಫೋನಿನಲ್ಲಿ ಹೇಳಲು ಮರೆತಿದ್ದೆ. ನಾನೇ ಕಟ್ಟಿದೆ. ಕೈ ನಡುಗಿತು, ಗಂಟು ಎರಡು ಸಲ ಜಾರಿತು. ಅಜ್ಜಿಯ ಮೊಮ್ಮಗಳು ಟಾರ್ಚ್ ಹಿಡಿದಳು.

ಈಗ ಒಂದು ಸಮಸ್ಯೆ. ಪೆಟ್ಟಿಗೆ ಹಳತು, ಕಂಪ್ರೆಸರ್ ಚೆನ್ನಾಗಿದೆ, ಗ್ಯಾಸ್ ನಾನೇ ತುಂಬಿದೆ. ಗಾಜಿನ ಮುಚ್ಚಳದ ಸುತ್ತ ಇರುವ ರಬ್ಬರ್ ಹೋಗಿದೆ, ಒಂದು ಮೂಲೆಯಲ್ಲಿ ತಂಪು ಹೊರಗೆ ಬರುತ್ತದೆ, ಗಾಜಿನ ಒಳಗೆ ನೀರು ಕೂತು ಮುಖ ಕಾಣುವುದಿಲ್ಲ. ಫ್ರಿಜ್ಜಿನ ರಬ್ಬರ್ ಹಾಕಿ ನೋಡಿದೆ, ದಪ್ಪ ಸಾಲುವುದಿಲ್ಲ. ಆರೂವರೆ ಅಡಿ ಉದ್ದದ್ದು ಎಲ್ಲಿ ಸಿಗುತ್ತದೆ?


ಹೊಸಂಗಡಿ ಡ್ರೈವರ್:

ಫ್ರಿಜ್ಜಿನದ್ದು ಆಗುವುದಿಲ್ಲ. ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರಿನದ್ದು ಆಗುತ್ತದೆ, ಮೀಟರ್ ಲೆಕ್ಕದಲ್ಲಿ ಮಂಗಳೂರಿನಲ್ಲಿ ಸಿಗುತ್ತದೆ. ಮೂಲೆಯಲ್ಲಿ 45 ಡಿಗ್ರಿ ಕತ್ತರಿಸಿ ಅಂಟಿಸಿ. ನನ್ನ ಹತ್ತಿರ ಎರಡು ಮೀಟರ್ ಉಳಿದಿದೆ, ನಾಳೆ ಬದಿಯಡ್ಕಕ್ಕೆ ಟ್ರಿಪ್ ಇದೆ, ಬಸ್ ಸ್ಟ್ಯಾಂಡಿನ ಹತ್ತಿರ ನಿಂತಿರಿ, ಕೊಡುತ್ತೇನೆ.